ಹಾಳೆ, ಹರಟೆ, ಹತ್ತು ಜನ: ಊರಲ್ಲೇ ಒಂದು ಚಿತ್ರ-ಮಾತಿನ ಕೂಟ ನಡೆಸುವುದು ಹೇಗೆ?

"ನಮ್ಮ ಊರಲ್ಲೂ ಹೀಗೊಂದು ಕೂಟ ಮಾಡಬೇಕು ಅಂತ ಉಂಟು. ಎಲ್ಲಿಂದ ಶುರು ಮಾಡುವುದು?" ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ, ಪೆರ್ಲದಿಂದ, ಉಪ್ಪಳದಿಂದ, ಮುಳ್ಳೇರಿಯದಿಂದ ಇದೇ ಪ್ರಶ್ನೆ ಬರುತ್ತಲೇ ಇದೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳಿ, ಮುಖ್ಯವಾದದ್ದನ್ನೇ ಮರೆತು, ಮತ್ತೆ ಫೋನು ಮಾಡುವುದು ನನಗೂ ಸಾಕಾಗಿದೆ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಕೂಟ ಅಂದರೆ ಇಷ್ಟೇ. ಹತ್ತು ಜನ ವಾರಕ್ಕೊಮ್ಮೆ ಎರಡು ಗಂಟೆ ಕೂರುವುದು. ಕೈಯಲ್ಲಿ ಏನಾದರೂ ಬರೆಯುವುದು, ಅಂಟಿಸುವುದು, ಬಣ್ಣ ಹಚ್ಚುವುದು. ಆಮೇಲೆ ಅದನ್ನು ಮುಂದಿಟ್ಟುಕೊಂಡು ಮಾತಾಡುವುದು. ಆರು ವಾರ ಕಳೆಯುವಾಗ ಆಚೆಮನೆಯವರ ಹೆಸರು ಮಾತ್ರವಲ್ಲ, ಮನಸ್ಸೂ ಸ್ವಲ್ಪ ಗೊತ್ತಾಗಿರಬೇಕು.

ಇದು ಹೊಸ ವಿದ್ಯೆ ಏನಲ್ಲ. ಅಡಿಕೆ ಸುಲಿಯುವ ಯಂತ್ರ ಬರುವ ಮೊದಲು ರಾತ್ರಿ ಜಗಲಿಯಲ್ಲಿ ಸೇರಿ ಸುಲಿಯುತ್ತಿದ್ದದ್ದು ನೆನಪುಂಟಲ್ವಾ? ಕಣ್ಣು ಅಡಿಕೆಯ ಮೇಲೆ, ಕೈ ಕತ್ತಿಯ ಮೇಲೆ. ಯಾರೂ ಯಾರ ಮುಖವನ್ನೂ ದಿಟ್ಟಿಸುತ್ತಿರಲಿಲ್ಲ. ಎದುರೆದುರು ಕೂತರೆ ಬಾಯಿಗೆ ಬಾರದ ಮಾತು ಅಲ್ಲಿ ತಾನಾಗಿ ಬರುತ್ತಿತ್ತು. ಬೀಡಿ ಕಟ್ಟುವ ಮನೆಗಳಲ್ಲೂ ಹಾಗೆಯೇ. ಮೊದಲು ಕೈಗೆ ಕೆಲಸ, ಆಮೇಲೆ ಮಾತು. ಈ ಕ್ರಮ ತಲೆಕೆಳಗಾದ ಕೂಟ ಒಂದೂ ಉಳಿದದ್ದನ್ನು ನಾನು ನೋಡಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಚಿಕಿತ್ಸೆ ಅಲ್ಲ. ಕಲಾಚಿಕಿತ್ಸೆ, ಅಂದರೆ ತರಬೇತಾದ ಚಿಕಿತ್ಸಕರು ಚಿತ್ರದ ಮೂಲಕ ಮನಸ್ಸಿನ ಕಾಯಿಲೆಗೆ ಆರೈಕೆ ಕೊಡುವುದು, ಬೇರೆಯೇ ವೃತ್ತಿ. ಇಂಗ್ಲಿಷಿನಲ್ಲಿ ಅದಕ್ಕೆ ಹೆಸರು ಬಂದದ್ದು 1942ರಲ್ಲಿ. ಕ್ಷಯ ರೋಗದಿಂದ ಆಸ್ಪತ್ರೆಯಲ್ಲಿದ್ದಾಗ ಚಿತ್ರ ಬರೆದು ಹಗುರಾದ ಏಡ್ರಿಯನ್ ಹಿಲ್ ಎಂಬ ಬ್ರಿಟಿಷ್ ಕಲಾವಿದ ಆ ಹೆಸರಿಟ್ಟವರು. ನಾವು ಮಾಡುವುದು ಅದಲ್ಲ, ಬರೀ ನೆರೆಕರೆಯ ಕೂಟ. ಈ ಗೆರೆ ದಾಟಬೇಡಿ.

ಬೇಕಾದ ಸಾಮಾನು

ಪೇಟೆಗೆ ಹೋಗಿ ದುಬಾರಿ ಬಣ್ಣದ ಪೆಟ್ಟಿಗೆ ತರಬೇಡಿ. ಹೊಸ ಬಣ್ಣ, ಬಿಳಿ ಕಾಗದ ಕಂಡ ಕೂಡಲೇ ದೊಡ್ಡವರ ಕೈ ನಡುಗುತ್ತದೆ. "ಸುಮ್ನೆ ಹಾಳು ಮಾಡುವುದು ಯಾಕೆ" ಅನ್ನುತ್ತಾರೆ. ಹಳೆ ಪೇಪರು, ಕ್ಯಾಲೆಂಡರಿನ ಹಿಂಬದಿ, ಅಡಿಕೆ ಹಾಳೆ (ಮರದಿಂದ ಬೀಳುವ ಸೋಗೆಯ ಅಗಲ ಬುಡ) ಕೊಟ್ಟರೆ ಆ ಹೆದರಿಕೆ ಇರುವುದಿಲ್ಲ.

ಹಾಳೆ ಬೇಸಿಗೆಯಲ್ಲೇ ಹೆಕ್ಕಿ ಅಟ್ಟಕ್ಕೆ ಹಾಕಿಡಿ. ಮಳೆಗೆ ಬಿದ್ದದ್ದು ಬೂಸು ಹಿಡಿದಿರುತ್ತದೆ. ಬಳಸುವ ಮೊದಲು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ತೊಳೆದು, ಮೇಲೆ ಕಲ್ಲು ಹೇರಿ ಚಪ್ಪಟೆ ಮಾಡಿ ಒಣಗಿಸಿ.

ಬಣ್ಣ ಮನೆಯಲ್ಲೇ ಉಂಟು. ಅರಿಶಿನದಿಂದ ಹಳದಿ. ಅದಕ್ಕೆ ಚಿಟಿಕೆ ಸುಣ್ಣ ಸೇರಿಸಿದರೆ ಕೆಂಪು, ಆರತಿಗೆ ಬಳಸುವ ನಮ್ಮ ಕುರ್ದಿ ನೀರೇ ಅದು. ಮುರಕಲ್ಲಿನ ಹುಡಿಯನ್ನು ಗಂಜಿ ತಿಳಿಯಲ್ಲಿ ಕಲಸಿದರೆ ಇಟ್ಟಿಗೆ ಬಣ್ಣ. ಇದ್ದಿಲಿನಿಂದ ಕಪ್ಪು. ತೇಗದ ಚಿಗುರೆಲೆ ಉಜ್ಜಿದರೆ ಕಡುಗೆಂಪು. ಶಂಖಪುಷ್ಪ ಬಿಸಿನೀರಲ್ಲಿ ಹಾಕಿದರೆ ನೀಲಿ, ಅದಕ್ಕೆ ಲಿಂಬೆ ಹಿಂಡಿದರೆ ನೇರಳೆ. ಈ ಲಿಂಬೆಯ ಆಟ ಮೊದಲ ದಿನ ಎಲ್ಲರೆದುರು ಮಾಡಿ ತೋರಿಸಿ. ಎಪ್ಪತ್ತು ವರ್ಷದವರೂ "ಓ!" ಅನ್ನುತ್ತಾರೆ. ಅಲ್ಲಿಗೆ ಅರ್ಧ ಸಂಕೋಚ ಹೋಯಿತು. ಅಂಟಿಸಲು ಮೈದಾ ಕಾಯಿಸಿದ ಅಂಟು ಸಾಕು.

ಎಚ್ಚರ: ಸುಣ್ಣವನ್ನು ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಅಪಾಯ. ಹಸಿ ಗೇರುಬೀಜದ ಸಿಪ್ಪೆಯಿಂದ ಕಪ್ಪು ಕಲೆ ಚಂದ ಬರುತ್ತದೆ ಅಂತ ಯಾರಾದರೂ ಹೇಳಿದರೆ ಬೇಡವೇ ಬೇಡ ಅನ್ನಿ. ಆ ಎಣ್ಣೆ ಚರ್ಮ ಸುಡುತ್ತದೆ.

1. ದಿನ ಮತ್ತು ಜಾಗ

ನನ್ನನ್ನು ಕೇಳಿದರೆ ಪತ್ತನಾಜೆ, ಅಂದರೆ ಮೇ ಕೊನೆಗೆ ತುಳುನಾಡಿನ ಉತ್ಸವಗಳ ಕಾಲ ಮುಗಿಯುವ ದಿನ, ಕಳೆದ ಮೇಲೆ ಶುರು ಮಾಡಿ. ಅದಕ್ಕೆ ಮೊದಲು ದೈವಗಳ ಕೋಲ, ನೇಮ, ಯಕ್ಷಗಾನದ ಆಟ, ಮದುವೆ ಅಂತ ಜನ ಕೈಗೆ ಸಿಗುವುದಿಲ್ಲ. ಆಟಿ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ತುಂಬ ಒಳ್ಳೆಯದು. ಹಿಂದೆ ಚೆನ್ನೆಮಣೆ ಆಟದ ಮುಂದೆ ಕೂರುತ್ತಿದ್ದ ತಿಂಗಳು ತಾನೇ. ಒಂದೇ ತೊಂದರೆ ಮಳೆಯ ಸದ್ದು. ತಗಡಿನ ಮಾಡಿನ ಕೆಳಗೆ ಮೆಲುದನಿಯ ಮಾತು ಕೇಳುವುದಿಲ್ಲ, ಮನಸ್ಸಿನ ಮಾತನ್ನು ಕೂಗಿ ಹೇಳಲು ಆಗುವುದೂ ಇಲ್ಲ. ಹಂಚಿನ ಅಥವಾ ತಾರಸಿ ಮಾಡು ಹುಡುಕಿ.

ಗ್ರಂಥಾಲಯದ ಓದುವ ಕೋಣೆ, ರಜಾದಿನ ಅನುಮತಿ ಪಡೆದು ಅಂಗನವಾಡಿ, ಯಾರದಾದರೂ ದೊಡ್ಡ ಜಗಲಿ ಆಗುತ್ತದೆ. ದೇವಸ್ಥಾನ, ಮಸೀದಿ, ಚರ್ಚು, ಪಕ್ಷದ ಕಚೇರಿ ಬೇಡ. ಆ ಜಾಗಗಳ ಮೇಲೆ ನನಗೇನೂ ಕೋಪ ಇಲ್ಲ. ಅಲ್ಲಿ ಕೂರಿಸಿದರೆ ಬರುವವರು ಯಾರು, ಬಾರದವರು ಯಾರು ಅಂತ ಮೊದಲೇ ತೀರ್ಮಾನ ಆಗಿಬಿಡುತ್ತದೆ. ಕೊನೆಯ ಬಸ್ಸಿಗೆ ಅರ್ಧ ಗಂಟೆ ಮೊದಲು ಮುಗಿಯುವ ಹಾಗೆ ಹೊತ್ತು ಇಟ್ಟುಕೊಳ್ಳಿ. ಬಸ್ಸಿನ ಮೇಲೆ ಕಣ್ಣಿಟ್ಟವರ ಬಾಯಿಂದ ಮನಸ್ಸಿನ ಮಾತು ಹೊರಡುವುದಿಲ್ಲ.

ಮನೆ ಬಿಟ್ಟು ಬರಲಾಗದವರೂ ಇದ್ದಾರೆ. ಎಣ್ಮಕಜೆ, ಬೆಳ್ಳೂರು ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದ ಮಕ್ಕಳನ್ನು ಹಾಸಿಗೆಯ ಪಕ್ಕದಲ್ಲೇ ಇದ್ದು ನೋಡಿಕೊಳ್ಳುವ ತಾಯಂದಿರನ್ನು "ಬನ್ನಿ" ಅಂತ ಕರೆದು ಏನು ಪ್ರಯೋಜನ? ಅವರು ಒಪ್ಪಿದರೆ ಕೂಟವನ್ನೇ ಅವರ ಅಂಗಳಕ್ಕೆ ಒಯ್ಯಿರಿ.

2. ಯಾರು, ಎಷ್ಟು ಜನ

ಎಂಟರಿಂದ ಹನ್ನೆರಡು. ಆರಕ್ಕಿಂತ ಕಡಿಮೆಯಾದರೆ ಸುಮ್ಮನೆ ಕೂರುವ ಹಕ್ಕು ಯಾರಿಗೂ ಉಳಿಯುವುದಿಲ್ಲ. ಹನ್ನೆರಡು ದಾಟಿದರೆ ಸರದಿ ಬರುವಾಗ ಚಾ ಆರಿರುತ್ತದೆ.

ಅನೇಕರು ಕುಟುಂಬಶ್ರೀ ಅಯಲ್‌ಕೂಟದಲ್ಲೇ ಮಾಡಿದರಾಯಿತಲ್ಲ ಅಂತ ಕೇಳುತ್ತಾರೆ. ಉಳಿತಾಯ, ಸಾಲ ನಡೆಸುವ ಹತ್ತರಿಂದ ಇಪ್ಪತ್ತು ಹೆಂಗಸರ ಈ ನೆರೆಹೊರೆ ಗುಂಪುಗಳು 1998ರಿಂದ ಕೇರಳದಲ್ಲಿ ಬೆಳೆದು ಬಂದಿವೆ, ಜನ ಸೇರಿಸುವ ಕಷ್ಟ ಇಲ್ಲ. ಜನರನ್ನು ಅಲ್ಲಿಂದಲೇ ಕರೆಯಿರಿ. ಆದರೆ ದಿನ ಬೇರೆ ಇರಲಿ. ಸಾಲದ ಕಂತು ಲೆಕ್ಕ ಹಾಕಿದ ಚಾಪೆಯ ಮೇಲೆ ಮನಸ್ಸಿನ ಮಾತು ಏಳುವುದಿಲ್ಲ. ಅತ್ತೆ ಸೊಸೆ, ಗಂಡ ಹೆಂಡತಿ, ಧಣಿ ಮತ್ತು ಅವರ ತೋಟದ ಕೆಲಸದವರು ಒಂದೇ ಕೂಟದಲ್ಲಿ ಬೇಡ. ಮೇಲಿನವರಿಗೆ ಇದರಿಂದ ಏನೂ ಆಗುವುದಿಲ್ಲ. ಕೆಳಗಿನವರು ಬಾಯಿ ಹೊಲಿದುಕೊಳ್ಳುತ್ತಾರೆ.

3. ಭಾಷೆ

ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಒಂದೇ ಚಾಪೆಯಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಇರಬಹುದು. ಹವ್ಯಕರ ಮನೆಮಾತು ಬೇರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಗಡಿಯ ನೋವು ಇಟ್ಟುಕೊಂಡವರೂ ಇರುತ್ತಾರೆ. "ಕನ್ನಡದಲ್ಲೇ ಮಾತಾಡಿ" ಅಂತ ನಿಯಮ ಮಾಡಬೇಕು ಅನ್ನಿಸೀತು. ಕನ್ನಡ ಶಾಲೆ, ಕನ್ನಡ ಫಲಕಕ್ಕಾಗಿ ನಾನೂ ಬೀದಿಯಲ್ಲಿ ನಿಂತವನೇ. ಆದರೂ ಇಲ್ಲಿ ಆ ನಿಯಮ ಬೇಡ. ಅಳು ಬರುವುದು ಮನೆಮಾತಿನಲ್ಲಿ. ಕೂಟದ ನಡೆಸುವಿಕೆ ಕನ್ನಡದಲ್ಲಿರಲಿ, ಮನಸ್ಸಿನ ಮಾತು ಅವರವರ ಬಾಯಿಗೆ ಬಂದ ಭಾಷೆಯಲ್ಲಿರಲಿ. ಅರ್ಥವಾಗದವರಿಗೆ ಪಕ್ಕದವರು ಎರಡು ಮಾತಿನಲ್ಲಿ ಹೇಳಿದರೆ ಸಾಕು. ಹಾಗೆ ಹೇಳಲು ಪಕ್ಕದವರು ಸರಿಯಾಗಿ ಕೇಳಿಸಿಕೊಳ್ಳಲೇಬೇಕಾಗುತ್ತದೆ, ಅದೊಂದು ಲಾಭ.

4. ಮೊದಲ ದಿನ ಹೇಳಬೇಕಾದ ನಿಯಮಗಳು

ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಸ್ವಾಗತ ಭಾಷಣ, ದೀಪ ಬೆಳಗುವುದು, ಅಧ್ಯಕ್ಷತೆ, ಧನ್ಯವಾದ ಸಮರ್ಪಣೆ ಒಂದೂ ಬೇಡ. ಇವಿಲ್ಲದೆ ನಾಲ್ಕು ಜನ ಸೇರಲು ನಮಗೆ ಬರುವುದೇ ಇಲ್ಲ! ವೇದಿಕೆ ಹಾಕಿದ ಕೂಡಲೇ ಕೆಲವರು ಅತಿಥಿಗಳು, ಉಳಿದವರು ಪ್ರೇಕ್ಷಕರು. ನೆಲದ ಮೇಲೆ ಸುತ್ತಾಗಿ ಕೂರಿ. ಕಾಲು ನೋವಿನವರಿಗೆ ಕುರ್ಚಿ ಕೊಡಬೇಕಾದರೆ ಎಲ್ಲರಿಗೂ ಕುರ್ಚಿ ಕೊಡಿ.

ಹೇಳಬೇಕಾದ ನಿಯಮ ನಾಲ್ಕು. ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು. ಮಾತಾಡಲು ಮನಸ್ಸಿಲ್ಲದಿದ್ದರೆ "ಮುಂದೆ" ಅನ್ನಬಹುದು, ಕಾರಣ ಕೊಡಬೇಕಾಗಿಲ್ಲ. ಕೇಳದೆ ಸಲಹೆ ಕೊಡಬಾರದು. ಫೋಟೋ ತೆಗೆಯಬಾರದು.

ಕೊನೆಯದು ನನ್ನದೇ ತಪ್ಪಿನಿಂದ ಕಲಿತದ್ದು. ಮೊದಲ ಕೂಟದಲ್ಲಿ ಒಬ್ಬರ ಚಿತ್ರ ಚಂದ ಬಂದಿತ್ತು ಅಂತ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಹೊಗಳಿಕೆಯೇ ಬಂತು. ಆದರೆ ಚಿತ್ರದಲ್ಲಿದ್ದ ಬಾಗಿಲು ಯಾವ ಮನೆಯದು ಅಂತ ಊರಿಗೆಲ್ಲ ಗೊತ್ತಾಯಿತು. ಅವರು ಮತ್ತೆ ಬರಲಿಲ್ಲ.

ಗುಟ್ಟಿಗೂ ಒಂದು ಮಿತಿ ಉಂಟು, ಅದನ್ನೂ ಮೊದಲ ದಿನವೇ ಹೇಳಿ. ಯಾರಾದರೂ ಜೀವ ಕಳೆದುಕೊಳ್ಳುವ ಮಾತಾಡಿದರೆ ಅಥವಾ ಮಗುವಿನ ಮೇಲೆ ದೌರ್ಜನ್ಯ ಆಗುತ್ತಿದೆ ಅಂತ ಗೊತ್ತಾದರೆ ನೀವು ಸುಮ್ಮನಿರುವ ಹಾಗಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದೂ ತಿಳಿಸದೆ ಇರುವುದು ಪೋಕ್ಸೋ ಕಾಯ್ದೆಯಲ್ಲಿ ತಪ್ಪು.

5. ಕೈ ಕೆಲಸ: ಮುಕ್ಕಾಲು ಗಂಟೆ

ಯಾಕೆ ಮುಕ್ಕಾಲು ಗಂಟೆ? ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಉಂಟು. 39 ಜನ 45 ನಿಮಿಷ ಬಣ್ಣ, ಮಣ್ಣು, ಕಾಗದದ ತುಂಡುಗಳ ಜೊತೆ ಇಷ್ಟ ಬಂದದ್ದು ಮಾಡಿದರು. ಸುಮಾರು ನಾಲ್ಕರಲ್ಲಿ ಮೂರು ಪಾಲು ಜನರ ಎಂಜಲಿನಲ್ಲಿ ಕಾರ್ಟಿಸೋಲ್ ಇಳಿದಿತ್ತು. ಕಾರ್ಟಿಸೋಲ್ ಅಂದರೆ ಒತ್ತಡದ ಹೊತ್ತಿಗೆ ಮೈಯಲ್ಲಿ ಏರುವ ಹಾರ್ಮೋನು. ಮೊದಲೇ ಚಿತ್ರ ಬರೆದು ಅಭ್ಯಾಸ ಇತ್ತೋ ಇಲ್ಲವೋ ಎನ್ನುವುದರಿಂದ ದೊಡ್ಡ ವ್ಯತ್ಯಾಸ ಕಾಣಲಿಲ್ಲ. "ನನಗೆ ಚಿತ್ರ ಬಾರದು" ಅನ್ನುವವರಿಗೆ ಇಷ್ಟು ಹೇಳಿ. ಸಣ್ಣ ಅಧ್ಯಯನ ಅದು, ಪವಾಡದ ಹಾಗೆ ಹೇಳಬೇಡಿ.

ಆರು ವಾರಕ್ಕೆ ನಾನು ಬಳಸುವ ಕೆಲಸಗಳು ಇವು.

ಮೊದಲ ವಾರ, ಗೆರೆಯ ಮಾತು. ಇಬ್ಬರಿಗೆ ಒಂದೇ ಪೇಪರು, ಕೈಗೊಂದು ಬಣ್ಣ. ಬಾಯಿ ಮುಚ್ಚಿ. ಒಬ್ಬರು ಒಂದು ಗೆರೆ ಎಳೆದರೆ ಇನ್ನೊಬ್ಬರು ಅದಕ್ಕೆ ಗೆರೆಯಲ್ಲೇ ಉತ್ತರ ಕೊಡಬೇಕು. ಹತ್ತು ನಿಮಿಷದಲ್ಲಿ ಯಾರು ಜಾಗ ಬಿಡುವವರು, ಯಾರು ಮೈಮೇಲೆ ಬರುವವರು ಅಂತ ಕಾಗದವೇ ಹೇಳುತ್ತದೆ, ಎಲ್ಲರೂ ನಗುತ್ತಾರೆ. ಜೋಡಿ ಬದಲಿಸಿ ಮತ್ತೆ ಮಾಡಿಸಿ.

ಎರಡನೇ ವಾರ, ಶಾಲೆಗೆ ಹೋಗುತ್ತಿದ್ದ ದಾರಿ. ಮನೆಯಿಂದ ಶಾಲೆವರೆಗೆ ನಕ್ಷೆ ಬರೆಯಲಿ. ತೋಡು, ಅಡಿಕೆ ಮರದ ಸಂಕ, ಗುಡ್ಡೆ, ನಾಯಿ ಇದ್ದ ಮನೆ, ಮಾವಿನ ಮರ. ಇದಕ್ಕಿಂತ ಸುಲಭವಾಗಿ ಮಾತು ಹೊರಡಿಸುವ ಕೆಲಸ ನನಗೆ ಇನ್ನೂ ಸಿಕ್ಕಿಲ್ಲ. ಶಾಲೆಗೆ ಹೋಗದವರೂ ಕೂಟದಲ್ಲಿ ಇರಬಹುದು. ಅದಕ್ಕೆ "ಶಾಲೆಗೆ, ಇಲ್ಲ ಕೆಲಸಕ್ಕೆ, ಇಲ್ಲ ಅಜ್ಜಿ ಮನೆಗೆ" ಅಂತ ಮೊದಲೇ ಹೇಳಿ.

ಮೂರನೇ ವಾರ, ಬೇಜಾರಿನ ಬಣ್ಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಹೇಗಿದ್ದೀರಿ ಅಂತ ಕೇಳಿದರೆ ಎರಡೇ ಉತ್ತರ: "ಹೀಗೆ ಉಂಟು", ಇಲ್ಲವೇ "ಬೇಜಾರು". ಆದರೆ ಬೇಜಾರು ಒಂದೇ ಅಲ್ಲ. ಮಗ ಗಲ್ಫಿಗೆ ಹೊರಟ ದಿನದ್ದೂ ಬೇಜಾರು, ಮಳೆಗೆ ಅಡಿಕೆ ಕೊಳೆತದ್ದೂ ಬೇಜಾರು, ಮದುವೆಗೆ ಕರೆಯದೆ ಬಿಟ್ಟದ್ದೂ ಬೇಜಾರು, ಕೆಲಸ ಇಲ್ಲದೆ ಕೂತದ್ದೂ ಬೇಜಾರು. ಒಂದು ಅಗಲಿಕೆ, ಒಂದು ಹತಾಶೆ, ಒಂದು ಅವಮಾನ, ಇನ್ನೊಂದು ಬರೀ ಬೇಸರ. ಪೇಪರನ್ನು ನಾಲ್ಕು ಮಡಿಕೆ ಮಾಡಿಸಿ, ನಾಲ್ಕು ಬೇಜಾರಿಗೆ ನಾಲ್ಕು ಬಣ್ಣ ಹಚ್ಚಿಸಿ. ಆಮೇಲೆ ಪ್ರತಿಯೊಂದಕ್ಕೂ ಬೇರೆ ಹೆಸರು ಕೊಡಲು ಹೇಳಿ: ಸಂಕಟ, ದಿಗಿಲು, ಉರಿ, ಹೊಟ್ಟೆಕಿಚ್ಚು, ಅಳುಕು, ಹಂಬಲ. ತುಳುವಿನದ್ದಾದರೂ ಮಲಯಾಳದ್ದಾದರೂ ಸರಿ.

ಹೆಸರು ಇಡುವುದರಿಂದ ಏನಾಗುತ್ತದೆ? 2007ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಜನರಿಗೆ ಕೋಪದ, ಭಯದ ಮುಖಗಳನ್ನು ತೋರಿಸಿ ಮೆದುಳಿನ ಚಿತ್ರ ತೆಗೆದರು. ಕಂಡ ಭಾವಕ್ಕೆ ಹೆಸರು ಕೊಟ್ಟಾಗ ಅಮಿಗ್ಡಲಾದ ಚಟುವಟಿಕೆ ಕಡಿಮೆಯಾಗಿತ್ತು. ಅಮಿಗ್ಡಲಾ ಅಂದರೆ ಅಪಾಯ ಬಂತೆಂದು ಮೆದುಳಿನೊಳಗೆ ಗಂಟೆ ಬಾರಿಸುವ, ಬಾದಾಮಿ ಗಾತ್ರದ ಭಾಗ.

ನಾಲ್ಕನೇ ವಾರ, ಹಾಳೆಯ ಮುಖವಾಡ. ಹಾಳೆಗೆ ಎರಡು ಬದಿ ಉಂಟು, ಹೊರಗೆ ಒರಟು, ಒಳಗೆ ನುಣುಪು. ಹೊರಬದಿಯಲ್ಲಿ ಊರಿಗೆ ತೋರಿಸುವ ಮುಖ, ಒಳಬದಿಯಲ್ಲಿ ತನಗೆ ಮಾತ್ರ ಗೊತ್ತಿರುವ ಮುಖ. ಒಳಬದಿ ತೋರಿಸಲೇಬೇಕು ಅಂತಿಲ್ಲ. ಹಾಗೆ ಹೇಳಿದ್ದರಿಂದಲೇ ಹೆಚ್ಚಿನವರು ತೋರಿಸುತ್ತಾರೆ. ಇದನ್ನು ಮೊದಲ ಎರಡು ವಾರದಲ್ಲಿ ಮಾಡಿಸಬೇಡಿ, ನಂಬಿಕೆ ಕೂಡಿರುವುದಿಲ್ಲ. ಇನ್ನೊಂದು ಎಚ್ಚರ, ಇದು ದೈವದ ಮುಖವರ್ಣಿಕೆಯ ಹಾಗೆ ಕಾಣಬಾರದು. ಆ ಬಣ್ಣಕ್ಕೆ ಅದರದ್ದೇ ಕಟ್ಟುಕಟ್ಟಳೆ ಉಂಟು, ಕೆಲವರ ಮನಸ್ಸು ನೋಯುತ್ತದೆ.

ಐದನೇ ವಾರ, ಹಳೆ ಸೀರೆ ಲುಂಗಿಗಳ ತುಂಡು ಸೇರಿಸಿ ಎಲ್ಲರೂ ಒಂದೇ ಬಟ್ಟೆ ಹೊಲಿಯುವುದು. ಪ್ರತಿ ತುಂಡಿಗೂ ಅದು ಯಾವಾಗ ಉಟ್ಟದ್ದು ಅನ್ನುವ ಕಥೆ ಬಂದೇ ಬರುತ್ತದೆ. ಆರನೇ ವಾರ, ಚೀಟಿ ಎತ್ತಿ, ಬಂದ ಹೆಸರಿನವರಿಗೊಂದು ಚಿತ್ರ ಮಾಡಿ ಕೊಡುವುದು.

ಈ ಹೊತ್ತಿನಲ್ಲಿ ನೀವು ಮೇಸ್ಟ್ರ ಹಾಗೆ ಹಿಂದೆ ಮುಂದೆ ನಡೆಯಬೇಡಿ. ನೀವೂ ಕೂತು ಬರೆಯಿರಿ, ಕೆಟ್ಟದಾಗಿ ಬಂದರೆ ಇನ್ನೂ ಒಳ್ಳೆಯದು.

6. ಚಾ

ಕೈ ಕೆಲಸ ಮತ್ತು ಮಾತಿನ ನಡುವೆ ಹತ್ತು ನಿಮಿಷ. ಚಾ, ಅವಲಕ್ಕಿ ಸಾಕು. ಒಂದು ವಾರ ಪೋಡಿ ಬಂದರೆ ಮುಂದಿನ ವಾರ ನೀರ್‌ದೋಸೆ ಬರುತ್ತದೆ, ಮೂರನೇ ವಾರ ಅದು ಸ್ಪರ್ಧೆ. ಮನೆಯಲ್ಲಿ ಏನೂ ಇಲ್ಲದವರು ಅಲ್ಲಿಗೆ ಬರುವುದು ನಿಲ್ಲಿಸುತ್ತಾರೆ.

7. ಮಾತಿನ ಸುತ್ತು: ನಲ್ವತ್ತು ನಿಮಿಷ

ಒಂದು ತೆಂಗಿನ ಗೆರಟೆ ಇಟ್ಟುಕೊಳ್ಳಿ. ಗೆರಟೆ ಯಾರ ಕೈಯಲ್ಲಿದೆಯೋ ಅವರದ್ದೇ ಮಾತು, ಉಳಿದವರದ್ದು ಕಿವಿ. ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ ಹೀಗೆ ಕೋಲು ದಾಟಿಸಿ ಮಾತಾಡುವ ಪದ್ಧತಿ ಹಿಂದಿನಿಂದ ಉಂಟು. ಒಬ್ಬರಿಗೆ ಮೂರು ನಿಮಿಷ. ನಿವೃತ್ತ ಅಧ್ಯಾಪಕರು ಇದ್ದರೆ ಗಡಿಯಾರ ಅವರ ಕೈಗೇ ಕೊಡಿ. ಹೊತ್ತು ನೋಡುವ ಕೆಲಸ ಸಿಕ್ಕಿದರೆ ತಾವೇ ಉದ್ದ ಎಳೆಯುವುದಿಲ್ಲ. ಇದು ಅನುಭವದ ಮಾತು, ಮುನಿಯಬೇಡಿ ಮೇಸ್ಟ್ರೇ.

ಪ್ರಶ್ನೆಯ ಮೆಟ್ಟಿಲು ಮುಖ್ಯ. 1997ರಲ್ಲಿ ಆರ್ಥರ್ ಏರನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 36 ಪ್ರಶ್ನೆಗಳ ಒಂದು ಪ್ರಯೋಗ ಪ್ರಕಟಿಸಿದರು. ಅಪರಿಚಿತರಿಬ್ಬರು ಸುಮಾರು 45 ನಿಮಿಷ ಒಬ್ಬರಿಗೊಬ್ಬರು ಆ ಪ್ರಶ್ನೆ ಕೇಳಿಕೊಂಡರು. ಪ್ರಶ್ನೆಗಳು ಮೂರು ಕಂತಿನಲ್ಲಿ ಮೆಲ್ಲ ಮೆಲ್ಲ ಆಳಕ್ಕೆ ಇಳಿಯುತ್ತಿದ್ದವು. ಸುಮ್ಮನೆ ಲೋಕಾಭಿರಾಮ ಮಾತಾಡಿದ ಜೋಡಿಗಳಿಗಿಂತ ಇವರಿಗೆ ಜಾಸ್ತಿ ಆಪ್ತತೆ ಅನ್ನಿಸಿತು. ಕೆಲಸ ಮಾಡಿದ್ದು ಆ ಮೆಲ್ಲ ಮೆಲ್ಲ. ಆ ಪ್ರಶ್ನೆಗಳನ್ನೇ ತಂದು ಇಲ್ಲಿ ಕೇಳಬೇಕಾಗಿಲ್ಲ. ಮೊದಲು ಚಿತ್ರದ ಬಗ್ಗೆ: "ಈ ಮೂಲೆಯಲ್ಲಿ ಏನು ನಡೀತಾ ಉಂಟು?" ಆಮೇಲೆ ಚಿತ್ರ ಬರೆದವರ ಬಗ್ಗೆ: "ಇದನ್ನು ಬರೆಯುವಾಗ ಮೈಯಲ್ಲಿ ಎಲ್ಲಿ ಏನನ್ನಿಸಿತು?" ಕೊನೆಗೆ, ಅದೂ ನಾಲ್ಕನೇ ವಾರದ ಮೇಲೆ: "ಇದನ್ನು ಯಾರಿಗೆ ತೋರಿಸಬೇಕು ಅನ್ನಿಸುತ್ತದೆ?"

ಬಾಯಿಗೆ ಬೀಗ ಹಾಕಬೇಕಾದ ಮಾತುಗಳೂ ಉಂಟು. "ಚಂದ ಉಂಟು" ಬೇಡ, ಯಾಕೆಂದರೆ ಮುಂದಿನವರದ್ದು ಚಂದ ಇಲ್ಲ ಅಂತ ಆಗುತ್ತದೆ. "ಪಾಪ" ಬೇಡ. "ನೀವು ಹಾಗೆ ಮಾಡಬೇಕಿತ್ತು" ಬೇಡ. ಎಲ್ಲಕ್ಕಿಂತ ಕಳ್ಳ ಮಾತು "ನನಗೂ ಹೀಗೇ ಆಗಿತ್ತು". ಕೇಳಲು ಅನುಕಂಪದ ಹಾಗೆ ಇರುತ್ತದೆ, ಮರುಕ್ಷಣ ಗೆರಟೆ ಇವರ ಕೈಗೆ ಬಂದಿರುತ್ತದೆ.

ಚಿತ್ರಕ್ಕೆ ಅರ್ಥ ಹೇಳುವ ಚಪಲವೂ ಬೇಡ. ಕಪ್ಪು ಹಚ್ಚಿದವರಿಗೆ ಖಿನ್ನತೆ, ಕಿಟಕಿ ಇಲ್ಲದ ಮನೆ ಬರೆದವರಿಗೆ ಒಂಟಿತನ ಅಂತ ಮೊಬೈಲಿನಲ್ಲಿ ಓದಿದ್ದನ್ನು ಇಲ್ಲಿ ಉದುರಿಸಬೇಡಿ. ಅವರ ಕೈಗೆ ಇದ್ದಿಲು ಮಾತ್ರ ಸಿಕ್ಕಿರಬಹುದು.

ಎಲ್ಲರೂ ಸುಮ್ಮನಾದರೆ ಗಾಬರಿ ಆಗಬೇಡಿ. ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ. ಹೆಚ್ಚಿನ ಸಲ ಹದಿನೈದಕ್ಕೆ ಯಾರಾದರೂ ಬಾಯಿ ತೆರೆಯುತ್ತಾರೆ.

8. ಯಾರಾದರೂ ಅತ್ತರೆ

ಅಳಲಿ. ನೀರು ಕೊಡಿ. ಕಣ್ಣು ಒರೆಸಲು ಓಡಬೇಡಿ, ಅಳು ನಿಲ್ಲಿಸಿ ಅಂದ ಹಾಗಾಗುತ್ತದೆ. "ಮುಂದುವರಿಸುತ್ತೀರಾ, ಸ್ವಲ್ಪ ಹೊರಗೆ ಕೂರುತ್ತೀರಾ?" ಅಂತ ಕೇಳಿ. ಹೊರಗೆ ಹೋದರೆ ಒಬ್ಬರು ಜೊತೆಗಿರಲಿ. ಅದಕ್ಕೇ ಕೂಟ ನಡೆಸಲು ಯಾವಾಗಲೂ ಇಬ್ಬರು ಬೇಕು.

"ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ತೇಲಿಸಿಬಿಡಬೇಡಿ. ಕೂಟ ಮುಗಿದ ಮೇಲೆ ಪಕ್ಕಕ್ಕೆ ಕರೆದು ನೇರವಾಗಿ ಕೇಳಿ: "ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯಾ?" ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಹೌದು ಅಂದರೆ ಒಂಟಿಯಾಗಿ ಮನೆಗೆ ಕಳಿಸಬೇಡಿ. ಮನೆಯವರಲ್ಲಿ ಅವರು ನಂಬುವ ಒಬ್ಬರಿಗೆ ತಿಳಿಸಿ, ಆಸ್ಪತ್ರೆಗೆ ಜೊತೆಯಾಗಿ ಹೋಗಿ. ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಕ್ಕಳ ವಿಷಯಕ್ಕೆ 1098. ಈ ಎರಡು ಸಂಖ್ಯೆಗಳನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿಡಿ. ಬೇಕಾದವರು ಯಾರನ್ನೂ ಕೇಳದೆ ನೋಡಿಕೊಳ್ಳುತ್ತಾರೆ.

9. ಮುಗಿಸುವುದು

ಭಾರವಾದ ಮಾತಿನ ಮೇಲೆಯೇ ಎದ್ದು ಬಸ್ಸಿಗೆ ಓಡಬಾರದು. ಕೊನೆಯ ಐದು ನಿಮಿಷ ಒಬ್ಬೊಬ್ಬರು ಒಂದೇ ಶಬ್ದ ಹೇಳಲಿ, ಈಗ ಹೇಗನ್ನಿಸುತ್ತಿದೆ ಅಂತ. "ಹಸಿವು" ಅಂದರೂ ನಡೆಯುತ್ತದೆ. ಆಮೇಲೆ ಎಲ್ಲರೂ ಸೇರಿ ಚಾಪೆ ಮಡಚುವುದು, ಬಣ್ಣದ ಗೆರಟೆ ತೊಳೆಯುವುದು. ಗಂಡಸರು ಚಾಪೆ ಬಿಟ್ಟು ಎದ್ದು ಹೋಗುವ ಅಭ್ಯಾಸ ಮೊದಲ ವಾರವೇ ನಿಲ್ಲಿಸಿ. ನನ್ನ ಲೆಕ್ಕದಲ್ಲಿ ಅಲ್ಲಿ ತೊಳೆಯುವ ಹೊತ್ತಿನಲ್ಲಿ ಆಡುವ ಮಾತು ಸುತ್ತಿನಲ್ಲಿ ಆಡಿದ್ದಕ್ಕಿಂತ ಜಾಸ್ತಿ ಸಲ ನೆನಪುಳಿಯುತ್ತದೆ.

ಆರು ವಾರವಾದ ಮೇಲೆ ಪ್ರದರ್ಶನ ಇಡೋಣ, ಪಂಚಾಯತ್ ಅಧ್ಯಕ್ಷರನ್ನು ಕರೆಯೋಣ ಅಂತ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಬೇಡ ಅನ್ನಿ. ತೀರಾ ಒತ್ತಾಯವಾದರೆ ಐದನೇ ವಾರದ ಬಟ್ಟೆಯೊಂದನ್ನು ಗ್ರಂಥಾಲಯದ ಗೋಡೆಗೆ ತೂಗಿಸಿ, ಹೆಸರು ಬರೆಯಬೇಡಿ. ಉಳಿದದ್ದೆಲ್ಲ ಮಾಡಿದವರ ಸೊತ್ತು, ಅವರವರ ಮನೆಗೆ ಹೋಗಲಿ. ಬಿಟ್ಟು ಹೋದವರದ್ದನ್ನು ಕೇಳದೆ ಒಲೆಗೆ ಹಾಕಬೇಡಿ. ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಕಿಟಕಿಯ ಎದುರು ತೂಗಿಸಬೇಡಿ ಅಂತ ಹೇಳಿ ಕಳಿಸಿ. ಹಾಳೆಯ ಮುಖವಾಡವನ್ನು ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಇಟ್ಟರೆ ಮುಂದಿನ ಆಟಿಯವರೆಗೂ ಬೂಸು ಹಿಡಿಯುವುದಿಲ್ಲ.